ಮಾರ್ಟಿನ್‌ಬರೋದಲ್ಲಿ ತೋಟದಿಂದ ತೋಟಕ್ಕೆ
ವೈನ್ ತೋಟಗಳನ್ನು ನಡೆದೇ ಸುತ್ತಬಹುದಾದ ಊರು ನ್ಯೂಜಿಲೆಂಡಿನ ಮಾರ್ಟಿನ್‌ಬರೋ. ನಡುವಿನ ಚೌಕದಿಂದ ಬೀದಿಗಳು ಬ್ರಿಟಿಷ್ ಬಾವುಟದ ಪಟ್ಟಿಗಳ ವಿನ್ಯಾಸದಲ್ಲೇ ಹೊರಡುತ್ತವೆ. ಸ್ವಲ್ಪ ನಡೆದರೆ ದ್ರಾಕ್ಷಿ ಸಾಲುಗಳು. ಕಾಲಡಿ ನದಿ ಬಿಟ್ಟುಹೋದ ಜಲ್ಲಿಮಣ್ಣು. ನೀರು ನಿಲ್ಲುವುದಿಲ್ಲ, ಬಳ್ಳಿ ಸೊಕ್ಕುವುದಿಲ್ಲ, ಹಣ್ಣಿನ ರಸ ಗಟ್ಟಿ. ಇಲ್ಲಿನ ಹವೆ ಫ್ರಾನ್ಸಿನ ಬರ್ಗಂಡಿಯನ್ನು ಹೋಲುತ್ತದೆಂದು 1970ರ ದಶಕದ ಕೊನೆಗೆ ವಿಜ್ಞಾನಿ ಡೆರೆಕ್ ಮಿಲ್ನ್ ತೋರಿಸಿದ ಮೇಲೆ ಪಿನೋ ನ್ವಾರ್ ಎಂಬ ಕೆಂಪು ವೈನಿನ ದ್ರಾಕ್ಷಿ ಬೇರೂರಿತು.

ಇಲ್ಲಿನ ಅಟಾ ರಂಗಿ ತೋಟದ ಬಳ್ಳಿಯ ಕಥೆಯಂತೂ ನನಗೆ ಬಲು ಪ್ರಿಯ. ಬರ್ಗಂಡಿಯಿಂದ ಯಾರೋ ಗಂಬೂಟಿನಲ್ಲಿ ಅಡಗಿಸಿ ತಂದ ಕಡ್ಡಿಯನ್ನು ಆಕ್ಲೆಂಡಿನಲ್ಲಿ ಹಿಡಿದ ಕಸ್ಟಮ್ಸ್ ಅಧಿಕಾರಿ ಮಾಲ್ಕಮ್ ಏಬಲ್, ಅದನ್ನು ಎಸೆಯದೆ ಕ್ವಾರಂಟೈನಿಗೆ ಕಳಿಸಿ ಉಳಿಸಿದರಂತೆ. ಎಂಥ ದೊಡ್ಡ ಉಪಕಾರ!

ಇಲ್ಲಿನ ಪಿನೋ ನ್ವಾರ್ ವೈನಿನ ಲೋಟ ಓರೆ ಮಾಡಿದರೆ ತೆಳುಗೆಂಪು. ಮೂಗಿಗೆ ಮೊದಲು ಚೆರ್ರಿ, ಆಮೇಲೆ ಒದ್ದೆ ಮಣ್ಣು. ಎರಡು ಗುಟುಕು ಸಾಕು. ಮುಂದಿನ ತೋಟ ಮುಟ್ಟುವವರೆಗೂ ಆ ರುಚಿ ನಾಲಿಗೆ ಬಿಡುವುದಿಲ್ಲ.