ಮೊಬೈಲ್ ಜಾಹೀರಾತುಗಳೂ ಗಡಿನಾಡಿನ ಯುವಜನರೂ

ಸಮೀಪಕಾಲದ ಚರಿತ್ರೆಯನ್ನು ಬರೆಯಹೊರಟವರಿಗೆ ಜಾಹೀರಾತು ಬಹು ಸುಲಭವಾಗಿ ದೊರೆಯುವ ಆಧಾರ. ಅದರಲ್ಲಿ ಕಾಲದ ಗುರುತಿದೆ, ಚಿತ್ರವಿದೆ, ಮಾತಿದೆ. ಆದುದರಿಂದಲೇ ಮೊಬೈಲ್ ಫೋನು ಮತ್ತು ಯುವಜನರನ್ನು ಕುರಿತು ಪ್ರಬಂಧ ಬರೆಯುವ ನಮ್ಮ ವಿದ್ಯಾರ್ಥಿಗಳು ಸಾಮಾನ್ಯವಾಗಿ ಕಂಪನಿಗಳ ಜಾಹೀರಾತುಗಳಿಂದ ಆರಂಭಿಸಿ ಅಲ್ಲಿಯೇ ಮುಗಿಸುವುದುಂಟು. ಇದರ ಫಲವಾಗಿ, ಮೊಬೈಲ್ ಸಂಸ್ಕೃತಿಯನ್ನು ಕಂಪನಿಗಳು ನಿರ್ಮಿಸಿದವು, ತರುಣರು ಅದನ್ನು ಸ್ವೀಕರಿಸಿದರು ಎಂಬ ಮತವೊಂದು ನೆಲೆಗೊಳ್ಳುತ್ತಲಿದೆ. ನಿಪ್ಪಾಣಿ ತಾಲೂಕಿನ ಬೋರಗಾಂವದಂಥ ಗಡಿಯ ಊರನ್ನು ಮುಂದಿಟ್ಟುಕೊಂಡು ಈ ಮತವನ್ನು ಪರೀಕ್ಷಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲು ಜಾಹೀರಾತುಗಳ ವಿಚಾರ. ಭಾರತದಲ್ಲಿ ಮೊಬೈಲ್ ಸೇವೆ 1995ರಲ್ಲಿ ಪ್ರಾರಂಭವಾಯಿತು. ಬಂದ ಕರೆಗೂ ಹಣ ತೆರಬೇಕಾಗಿದ್ದ ಆ ದಿನಗಳಲ್ಲಿ ಅದು ಉಳ್ಳವರ ವಸ್ತು. 2003ರ ಮೇ ತಿಂಗಳಿಂದ ಒಳಬರುವ ಕರೆ ಉಚಿತವಾಯಿತು. ಅದೇ ಮಳೆಗಾಲದಲ್ಲಿ ರಿಲಯನ್ಸ್ ಕಂಪನಿ ಮೊದಲಿಗೆ 501 ರೂಪಾಯಿ ಕೊಟ್ಟವರಿಗೆ ಫೋನು ಒದಗಿಸುವ ಯೋಜನೆಯನ್ನು ಹೊರಡಿಸಿತು. ಬಾಲಕನೊಬ್ಬನ ಬೆನ್ನು ಬಿಡದ ಪಗ್ ನಾಯಿಯನ್ನು ಹಚ್ ಕಂಪನಿ ತೋರಿಸಿದ್ದೂ ಆ ವರ್ಷವೇ: ನೀವು ಹೋದೆಡೆಗೆಲ್ಲ ನಮ್ಮ ಜಾಲ ಹಿಂಬಾಲಿಸುವುದೆಂದು ಅದರ ತಾತ್ಪರ್ಯ. 2008ರಲ್ಲಿ ಟಾಟಾ ಸಂಸ್ಥೆಯೊಡಗೂಡಿ ಬಂದ ವರ್ಜಿನ್ ಮೊಬೈಲ್ ತಾನು ಯುವಜನರಿಗೆಂದೇ ಇರುವುದಾಗಿ ಸಾರಿ, ಬಂದ ಕರೆಗೆ ನಿಮಿಷಕ್ಕೆ 10 ಪೈಸೆಯನ್ನು ಗ್ರಾಹಕನಿಗೇ ಜಮಾ ಮಾಡತೊಡಗಿತು. 2009ರ ಐಪಿಎಲ್ ಪಂದ್ಯಗಳ ನಡುವೆ ವೊಡಾಫೋನ್ ಕಂಪನಿಯ ಜೂಜೂಗಳು ಬಂದವು. ಅವನ್ನು ಚಿತ್ರಿಸಿದ್ದು ಬೆಂಗಳೂರಿನ ನಿರ್ವಾಣ ಫಿಲಂಸ್. 2011ರಲ್ಲಿ ಏರ್‌ಟೆಲ್ ನಾನಾ ಬಗೆಯ ಗೆಳೆಯರನ್ನು ಹಾಡಿನಲ್ಲಿ ಎಣಿಸಿತು.

ಇವು ಚತುರ ಕೃತಿಗಳೆಂಬುದನ್ನು ಒಪ್ಪಲೇಬೇಕು. ಆದರೆ ಇವು ಯಾರನ್ನು ಉದ್ದೇಶಿಸಿ ಮಾತನಾಡುತ್ತವೆ? ನಗರದ ಕಾಲೇಜಿನಲ್ಲಿ ಓದುವ, ಹಿಂದಿ ಇಂಗ್ಲಿಷುಗಳನ್ನು ಬೆರೆಸಿ ಆಡುವ ತರುಣನನ್ನು. ಅವನಿಗೆ ಗೆಳೆಯರು ಅನೇಕ. ರೀಚಾರ್ಜಿನ ಹಣಕ್ಕಾಗಿ ಕೈಯೊಡ್ಡಬೇಕಾದ ತಂದೆಯಾಗಲಿ, ಶನಿವಾರ ಬರಬೇಕಾದ ಕೂಲಿಯಾಗಲಿ ಅವನ ಚಿತ್ರದಲ್ಲಿ ಎಲ್ಲಿಯೂ ಕಾಣುವುದಿಲ್ಲ. ಅವನು ಯಾವ ರಾಜ್ಯದ ಯಾವ ಅಂಚಿನಲ್ಲಿದ್ದಾನೆಂಬುದೂ ತಿಳಿಯುವುದಿಲ್ಲ.

ಬೋರಗಾಂವದ ತರುಣನಿಗೆ ಈ ಕೊನೆಯ ಸಂಗತಿಯೇ ಮುಖ್ಯವಾದುದು. ದೂಧಗಂಗೆಯ ಸೀಮೆಯ ಈ ಊರಿಗೆ ಮಗ್ಗಗಳ ಪಟ್ಟಣವಾದ ಇಚಲಕರಂಜಿ ಕೆಲವೇ ಮೈಲುಗಳ ದಾರಿ. ಸಂತೆ, ಕೆಲಸ, ನೆಂಟಸ್ತಿಕೆಗಳು ಎರಡೂ ಕಡೆಗಿವೆ. ಕನ್ನಡ ಮರಾಠಿಗಳೆರಡೂ ಬಾಯಲ್ಲಿವೆ. 1956ರ ನವೆಂಬರ್ 1ರಂದು ಬೆಳಗಾವಿ ಜಿಲ್ಲೆಯು ಮುಂಬಯಿ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಸೇರಿದಾಗ ಈ ಎರಡು ಊರುಗಳ ನಡುವೆ ರಾಜ್ಯದ ಗಡಿ ಬಂದಿತು. ನಾಲ್ಕು ದಶಕಗಳ ತರುವಾಯ ಮೊಬೈಲ್ ಪರವಾನಗಿಗಳನ್ನು ಕೊಡುವಾಗ ದೇಶವನ್ನು ‘ಸರ್ಕಲ್’ಗಳಾಗಿ ವಿಂಗಡಿಸಲಾಯಿತು, ಅವು ಬಹುಮಟ್ಟಿಗೆ ರಾಜ್ಯಗಳ ಗಡಿಯನ್ನೇ ಅನುಸರಿಸಿದವು. ಆದರೆ ಟವರಿನ ಅಲೆಗಳು ಗಡಿಕಲ್ಲನ್ನು ಅರಿಯವು. ಗಡಿಗೆ ಹತ್ತಿದ ಊರುಗಳಲ್ಲಿ ಕರ್ನಾಟಕದ ಸಿಮ್ ಇದ್ದ ಫೋನು ಮಹಾರಾಷ್ಟ್ರದ ಟವರನ್ನು ಹಿಡಿಯುವುದು ನಿತ್ಯದ ಅನುಭವ. ಹಾಗೆ ಹಿಡಿದೊಡನೆ ತನ್ನ ಹೊಲದಲ್ಲಿ ನಿಂತವನೂ ಲೆಕ್ಕದಲ್ಲಿ ಪರರಾಜ್ಯದ ಪ್ರವಾಸಿಯಾಗುತ್ತಿದ್ದನು. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು 2007ರಲ್ಲಿ ರೋಮಿಂಗ್‌ನಲ್ಲಿ ಬಂದ ಕರೆಗೆ ನಿಮಿಷಕ್ಕೆ 1 ರೂಪಾಯಿ 75 ಪೈಸೆಯ ಮಿತಿಯನ್ನು ವಿಧಿಸಿತು. ಅದು 2013ರಲ್ಲಿ 75 ಪೈಸೆಗೂ 2015ರಲ್ಲಿ 45 ಪೈಸೆಗೂ ಇಳಿಯಿತು. ಉಳಿದ ನಾಡಿನಲ್ಲಿ ಉಚಿತವಾಗಿದ್ದುದಕ್ಕೆ ಗಡಿಯವನು ಬೆಲೆ ತೆತ್ತನೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಹೋದೆಡೆಗೆಲ್ಲ ಜಾಲ ಹಿಂಬಾಲಿಸುವುದೆಂಬ ಹಚ್ ಕಂಪನಿಯ ಮಾತು ಇಲ್ಲಿ ತಲೆಕೆಳಗಾಯಿತು: ತರುಣನು ನಿಂತಲ್ಲಿಯೇ ನಿಂತಿದ್ದನು, ಜಾಲವು ಪರರಾಜ್ಯಕ್ಕೆ ಹೋಯಿತು.

ಇದಕ್ಕೆ ತರುಣರು ಕಂಡುಕೊಂಡ ಉಪಾಯಗಳು ಎರಡು. ಎರಡು ರಾಜ್ಯಗಳ ಎರಡು ಸಿಮ್‌ಗಳನ್ನು ಇಟ್ಟುಕೊಳ್ಳುವುದು ಒಂದು. ಮಿಸ್ಡ್ ಕಾಲ್ ಇನ್ನೊಂದು. ಎತ್ತದ ಕರೆಗೆ ಹಣವಿಲ್ಲ. ಆದುದರಿಂದ ಒಂದು ರಿಂಗಿಗೆ ‘ಮುಟ್ಟಿದೆ’ ಎಂದೂ ಎರಡಕ್ಕೆ ‘ನೀನೇ ಮಾಡು’ ಎಂದೂ ಗೆಳೆಯರೊಳಗೆ ಸಂಕೇತಗಳು ಏರ್ಪಟ್ಟವು. ಇವು ಗುಂಪಿನಿಂದ ಗುಂಪಿಗೆ ಬೇರೆಯಾಗಿದ್ದವು. ಇದು ಗಡಿನಾಡಿಗೆ ಮಾತ್ರ ಸೀಮಿತವಾದ ರೂಢಿಯಲ್ಲ. ಇಲ್ಲಿ ಅದರ ಅಗತ್ಯ ಹೆಚ್ಚಾಗಿತ್ತು. ಮಾತಿನ ಬಳಕೆಯೂ ಇಲ್ಲಿ ಗಮನಾರ್ಹ. ಇಂಗ್ಲಿಷಿನ ಪದದಲ್ಲಿ ಕರೆ ಕೈತಪ್ಪಿದೆ. ಕನ್ನಡಿಗನಾದರೋ ‘ಮಿಸ್ ಕಾಲ್ ಕೊಡು’ ಎನ್ನುತ್ತಾನೆ. ಮರಾಠಿಯಲ್ಲಿಯೂ ಅದು ಕೊಡುವ ವಸ್ತುವೇ. ಕೈತಪ್ಪಿದ್ದನ್ನು ಕೊಡುವುದನ್ನಾಗಿ ಮಾಡಿದ ಈ ಕ್ರಿಯಾಪದವು ಯಾವ ಕಂಪನಿಯ ಸೃಷ್ಟಿಯೂ ಅಲ್ಲ.

ಮಾರುಕಟ್ಟೆ ಇದನ್ನು ಕಲಿತದ್ದು ಆಮೇಲೆ. 2010ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಜಿಪ್‌ಡಯಲ್ ಎಂಬ ಕಂಪನಿ ಮಿಸ್ಡ್ ಕಾಲನ್ನೇ ಜಾಹೀರಾತಿನ ಸಾಧನವಾಗಿಸಿತು. 2015ರ ಜನವರಿಯಲ್ಲಿ ಅದನ್ನು ಟ್ವಿಟರ್ ಕೊಂಡುಕೊಂಡಿತು. 2013ರಲ್ಲಿ ಹಿಂದುಸ್ತಾನ್ ಯೂನಿಲಿವರ್ ಬಿಹಾರದಲ್ಲಿ ಮಿಸ್ಡ್ ಕಾಲ್ ಕೊಟ್ಟವರಿಗೆ ಮರಳಿ ಕರೆಮಾಡಿ, ಹಾಡು ಹಾಸ್ಯಗಳ ನಡುವೆ ತನ್ನ ಸರಕುಗಳ ಗುಣಗಾನವನ್ನು ಕೇಳಿಸಿತು. ಎರಡು ಸಿಮ್‌ಗಳ ಫೋನಿನ ಕಥೆಯೂ ಹೀಗೆಯೇ: ಮೈಕ್ರೋಮ್ಯಾಕ್ಸ್ ಮೊದಲಾದವು ಅದನ್ನು ಜನಪ್ರಿಯಗೊಳಿಸಿದ ಬಳಿಕವೇ ನೋಕಿಯಾ ಅತ್ತ ಹೊರಳಿತು. ಹಣ ಉಳಿಸಲು ಬಡ ತರುಣರು ಕಟ್ಟಿಕೊಂಡ ರೂಢಿಯನ್ನು ಮಾರುಕಟ್ಟೆ ಎತ್ತಿಕೊಂಡು ಅವರಿಗೇ ಮಾರಿತೆಂಬುದು ನಮ್ಮ ಅಭಿಪ್ರಾಯ.

ಕಂಪನಿಗಳು ಅಗ್ಗದ ದರ, ಚಿಕ್ಕ ರೀಚಾರ್ಜುಗಳನ್ನು ತಂದಿರದಿದ್ದರೆ ಈ ಫೋನು ಹಳ್ಳಿಯ ತರುಣನ ಕೈಗೆ ಬರುತ್ತಿತ್ತೆ ಎಂದು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ಆದರೆ ಅದೇ ಕೈ ಕೊಟ್ಟಂತೆ ಕಸಿದುದೂ ಉಂಟು. ಜೂಜೂಗಳು ನಗಿಸುತ್ತ ಮಾರಿದ್ದು ಇಂಥ ‘ಮೌಲ್ಯವರ್ಧಿತ’ ಸೇವೆಗಳನ್ನೇ. ದೇಶದ ಅನೇಕ ಗ್ರಾಹಕರಿಗೆ ತಾವು ಕೇಳದ ಸೇವೆಗೂ ಹಣ ಕಡಿತವಾಗುತ್ತಿದ್ದುದರಿಂದಲೇ, ಗ್ರಾಹಕನ ಒಪ್ಪಿಗೆಯನ್ನು ಎರಡು ಸಲ ಪಡೆಯಬೇಕೆಂದು ಪ್ರಾಧಿಕಾರವು 2013ರಲ್ಲಿ ಆಜ್ಞಾಪಿಸಬೇಕಾಯಿತು. ಐದು ಹತ್ತು ರೂಪಾಯಿಗಳ ಈ ಕಡಿತಗಳು ಯಾವ ಜಾಹೀರಾತಿನಲ್ಲಿಯೂ ದೊರೆಯವು.

2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದ ಮೇಲೆ ಪರಿಸ್ಥಿತಿ ಬದಲಾಯಿತು. ಕರೆಗೆ ಬೇರೆ ಬೆಲೆಯಿಲ್ಲವಾಯಿತು. 2017ರ ಹೊತ್ತಿಗೆ ಪ್ರಮುಖ ಕಂಪನಿಗಳು ದೇಶದೊಳಗಿನ ರೋಮಿಂಗ್ ಶುಲ್ಕವನ್ನು ಕೈಬಿಟ್ಟವು. ಗಡಿಯ ತರುಣನಿಗೆ ಇದು ನಿಜವಾದ ಲಾಭ. ಆದರೆ ಮಿಸ್ಡ್ ಕಾಲಿನ ಕಾಲದಲ್ಲಿ ಅವನು ಕೊಡುವುದು ಎಷ್ಟೆಂದು ಅವನಿಗೇ ತಿಳಿದಿತ್ತು. ಪೈಸೆಗಳಲ್ಲಿ ಎಣಿಸಿ ಉಳಿಸಬಲ್ಲವನಾಗಿದ್ದನು. ಈಗ ಅವನು ತೆರುತ್ತಿರುವುದು ತನ್ನ ಹೊತ್ತನ್ನೂ ತನ್ನ ಕುರಿತ ಮಾಹಿತಿಯನ್ನೂ. ಅದರ ಲೆಕ್ಕ ಅವನ ಕೈಯಲ್ಲಿಲ್ಲ. 2023ರ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯಿದೆಯು 18 ವರ್ಷದೊಳಗಿನವರನ್ನು ಗುರಿಯಾಗಿಸಿದ ಜಾಹೀರಾತನ್ನು ನಿಷೇಧಿಸುತ್ತದೆ. ನಮ್ಮ ಪದವಿ ತರಗತಿಗಳ ವಿದ್ಯಾರ್ಥಿಗಳಲ್ಲಿ ಬಹುತೇಕರು ಆ ವಯಸ್ಸನ್ನು ದಾಟಿದವರು.

ಆದುದರಿಂದ ಈ ಕಾಲದ ಚರಿತ್ರೆಗೆ ಜಾಹೀರಾತೊಂದೇ ಸಾಲದು. ಅದು ಕಂಪನಿಯ ಬಯಕೆಗೆ ಸಾಕ್ಷಿ. ತರುಣರ ಬಾಳಿಗೆ ಬೇರೆ ಸಾಕ್ಷಿ ಬೇಕು. ರೀಚಾರ್ಜ್ ಅಂಗಡಿಗಳ ವಹಿಗಳು, ಹಳೆಯ ಕೂಪನ್ನುಗಳು, ಎರಡು ಲಿಪಿಗಳ ಫಲಕಗಳು, ರಿಂಗಿನ ಸಂಕೇತಗಳನ್ನು ಬಲ್ಲವರ ಹೇಳಿಕೆಗಳು ಇನ್ನೂ ದೊರೆಯಬಹುದಾಗಿವೆ. ಆ ಸಂಕೇತಗಳನ್ನು ಬಳಸಿದವರು ಈಗ ನಡುವಯಸ್ಸಿನತ್ತ ಸಾಗಿದ್ದಾರೆ. ಇಂದಿನ ವಿದ್ಯಾರ್ಥಿಗಳಿಗೆ ಅವುಗಳ ಅರ್ಥವೂ ತಿಳಿಯದು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಕಾಲೇಜುಗಳು ತಮ್ಮ ವಿದ್ಯಾರ್ಥಿಗಳಿಂದಲೇ ಈ ಸಂಗ್ರಹಕಾರ್ಯವನ್ನು ಆರಂಭಿಸುವುದು ಅವಶ್ಯವೆಂದು ನಾವು ಭಾವಿಸುತ್ತೇವೆ.