ಗಾಜಿನ ಮೇಲಿನ ಅಕ್ಷರ: ಒಂದು ಯೋಜನಾ ವರದಿಯ ವಿಮರ್ಶೆ

ಹುನ್ನೂರ, ಜಮಖಂಡಿ ಕಡೆ ಬೈಕುಗಳಿಗೆ ಹೆಸರು, ದೇವರ ಚಿತ್ರ ಕತ್ತರಿಸಿ ಅಂಟಿಸಿಕೊಡುವ ಅಂಗಡಿಗೆ ‘ರೇಡಿಯಂ ಅಂಗಡಿ’ ಎನ್ನುವುದು ರೂಢಿ. 1898ರಲ್ಲಿ ಕ್ಯೂರಿ ದಂಪತಿಗಳು ಕಂಡುಹಿಡಿದ ರೇಡಿಯಂಗೂ ಈ ಹಾಳೆಗೂ ಸಂಬಂಧವಿಲ್ಲ. ಅದು ಬಣ್ಣದ ವಿನೈಲ್ ಅಷ್ಟೆ. ಇಂಥ ಅಂಗಡಿಯ ಕಟಿಂಗ್ ಯಂತ್ರದಲ್ಲಿ ಕೊರೆಯಚ್ಚು (ಸ್ಟೆನ್ಸಿಲ್) ಮಾಡಿಸಿ, ಗಾಜಿನ ಲೋಟದ ಮೇಲೆ ಶಾಲೆಯ ಹೆಸರು ಮೂಡಿಸಿದ ವಿದ್ಯಾರ್ಥಿಗಳ ವರದಿಯೊಂದು ಮೌಲ್ಯಮಾಪನಕ್ಕೆಂದು ನನ್ನ ಕೈಗೆ ಬಂತು. ಲೋಟ ಬಹಳ ಚೆನ್ನಾಗಿದೆ. ವರದಿಯ ಬಗ್ಗೆ ಹಾಗೆನ್ನಲಾರೆ. ಇಂಥ ವರದಿಗಳನ್ನು ಮಾಡಿಸುವವರು ಶಿಕ್ಷಕರಾದ ನೀವೇ ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಮೆಚ್ಚುಗೆ. ತಗಡಿನ ಕೊರೆಯಚ್ಚಿನಲ್ಲಿ ‘ಠ’ ಅಕ್ಷರವನ್ನೋ ಸೊನ್ನೆಯನ್ನೋ ಕತ್ತರಿಸಿದರೆ ಒಳಗಿನ ತುಂಡು ಉದುರಿಹೋಗುತ್ತದೆ. ಅದನ್ನು ಹಿಡಿದಿಡಲು ನಡುವೆ ಸೇತುವೆ ಬಿಡಬೇಕು, ಅಕ್ಷರ ತುಂಡಾಗಿ ಕಾಣುತ್ತದೆ. ವಿನೈಲ್ ಹಾಳೆಯಲ್ಲಿ ಯಂತ್ರದ ಅಲಗು ಮೇಲಿನ ಪದರವನ್ನಷ್ಟೇ ಸೀಳಿ ಹಿಂಬದಿಯ ಕಾಗದವನ್ನು ಉಳಿಸುವುದರಿಂದ, ಒಳಗಿನ ತುಂಡು ಇದ್ದಲ್ಲೇ ಇರುತ್ತದೆ. ಅಂಟುಹಾಳೆಯ ಮೂಲಕ ಹಾಗೆಯೇ ಗಾಜಿಗೆ ವರ್ಗವಾಗುತ್ತದೆ. ಇದನ್ನು ಮಕ್ಕಳು ಸೊಗಸಾಗಿ ವಿವರಿಸಿದ್ದಾರೆ. ಆದರೆ ‘ಮೂರು ಹಾಳೆಗಳು ಹಾಳಾದವು’ ಎಂದು ಬರೆದು ಕಾರಣ ಬರೆದಿಲ್ಲ. ವಿನೈಲ್ ದಪ್ಪ ಸುಮಾರು 0.08 ಮಿ.ಮೀ. ಅಲಗಿನ ಒತ್ತಡ ಸ್ವಲ್ಪ ಹೆಚ್ಚಾದರೆ ಕಾಗದವೂ ಸೀಳುತ್ತದೆ, ಕಡಿಮೆಯಾದರೆ ಅಕ್ಷರ ಬಿಡಿಸಿಕೊಳ್ಳುವುದಿಲ್ಲ. ಅಲಗಿನ ತುದಿ ತನ್ನ ಅಕ್ಷಕ್ಕಿಂತ ಕೊಂಚ ಹಿಂದೆ ಇದ್ದು, ತಳ್ಳುಕುರ್ಚಿಯ ಮುಂದಿನ ಪುಟ್ಟ ಚಕ್ರದಂತೆ ತಾನೇ ತಿರುಗಿಕೊಳ್ಳುತ್ತದೆ. ಚೂಪು ಮೂಲೆಗಳಲ್ಲಿ ಎಡವುತ್ತದೆ. ನಮ್ಮ ದುಂಡು ಲಿಪಿ ಈ ಯಂತ್ರಕ್ಕೆ ಒಗ್ಗುವಂಥದ್ದು! ಒತ್ತಡವನ್ನು ಬದಲಿಸುತ್ತ ಒಂದು ಕೋಷ್ಟಕ ಮಾಡಿದ್ದರೆ ಅದೇ ಒಳ್ಳೆಯ ಪ್ರಯೋಗವಾಗುತ್ತಿತ್ತು.

‘ಆಮ್ಲವು ಗಾಜನ್ನು ಸುಟ್ಟು ಬಿಳಿಯಾಗಿಸುತ್ತದೆ’ ಎಂಬ ವಾಕ್ಯ ಪೂರ್ತಿ ತಪ್ಪು. ಇಲ್ಲಿ ಏನೂ ಸುಡುವುದಿಲ್ಲ, ಬಿಳಿಯ ಬಣ್ಣವೂ ಸೇರುವುದಿಲ್ಲ. ಫ್ಲೋರೈಡ್ ಗಾಜಿನ ಸಿಲಿಕಾದೊಡನೆ ವರ್ತಿಸಿ ಮೇಲ್ಮೈಯನ್ನು ಒರಟಾಗಿಸುತ್ತದೆ. ಒರಟು ಮೇಲ್ಮೈ ಬೆಳಕನ್ನು ಎಲ್ಲ ದಿಕ್ಕಿಗೂ ಚದರಿಸುತ್ತದೆ. ಅಕ್ಷರದ ಮೇಲೆ ನೀರು ಸವರಿ ನೋಡಿ, ಅದು ಬಹುತೇಕ ಮಾಯವಾಗುತ್ತದೆ. ಗಾಜಿನ ವಕ್ರೀಭವನಾಂಕ ಸುಮಾರು 1.5, ಗಾಳಿಯದು 1, ನೀರಿನದು 1.33. ತಗ್ಗುಗಳಲ್ಲಿ ಗಾಳಿಯ ಬದಲು ನೀರು ತುಂಬಿದಾಗ ವ್ಯತ್ಯಾಸ ಕುಗ್ಗಿ, ಚದರಿಕೆಯೂ ಕುಗ್ಗುತ್ತದೆ. ಎಣ್ಣೆ ಸವರಿದರೆ ಇನ್ನೂ ಚೆನ್ನ. ಲೋಟವನ್ನು ತೊಳೆಯುವಾಗ ಮಕ್ಕಳು ಇದನ್ನು ಕಂಡೇ ಇರಬೇಕು. ಪ್ರಶ್ನೆ ಕೇಳುವವರು ಇರಲಿಲ್ಲ.

ನನ್ನ ನಿಜವಾದ ತಕರಾರು ಒಂದು ಛಾಯಾಚಿತ್ರದ ಬಗ್ಗೆ. ಅದರಲ್ಲಿ ಬಾಲಕಿಯೊಬ್ಬಳು ಬರಿಗೈಯಲ್ಲಿ ಎಚಿಂಗ್ ಕ್ರೀಮು ಸವರುತ್ತಿದ್ದಾಳೆ. ಇಂಥ ಕ್ರೀಮುಗಳಲ್ಲಿ ಸಾಮಾನ್ಯವಾಗಿ ಇರುವುದು ಅಮೋನಿಯಂ ಬೈಫ್ಲೋರೈಡ್. ಅದು ಆಮ್ಲೀಯ ದ್ರಾವಣದಲ್ಲಿ ಹೈಡ್ರೋಫ್ಲೋರಿಕ್ ಆಮ್ಲವನ್ನು ಕೊಡುತ್ತದೆ. ಈ ಆಮ್ಲ ಚರ್ಮದೊಳಕ್ಕೆ ಇಳಿದು ದೇಹದ ಕ್ಯಾಲ್ಸಿಯಂ ಅನ್ನು ಹಿಡಿದುಕೊಳ್ಳುತ್ತದೆ. ದುರ್ಬಲವಾಗಿದ್ದರೆ ನೋವು ಗಂಟೆಗಳ ನಂತರ ಕಾಣಿಸಿಕೊಳ್ಳಬಹುದು. ತಕ್ಷಣ ಹೇರಳ ನೀರಿನಲ್ಲಿ ತೊಳೆದು, ಕ್ಯಾಲ್ಸಿಯಂ ಗ್ಲುಕೊನೇಟ್ ಜೆಲ್ ಹಚ್ಚಿ, ವೈದ್ಯರಲ್ಲಿಗೆ ಒಯ್ಯಬೇಕು. ಆ ಶಾಲೆಯಲ್ಲಿ ಜೆಲ್ ಇರಲಿ, ಕೈಗವಸೂ ಇರಲಿಲ್ಲ. ತೊಳೆದ ನೀರನ್ನು ಕೊಳವೆಬಾವಿಯ ಪಕ್ಕದಲ್ಲೇ ಚೆಲ್ಲಿದ್ದಾರೆ. ಬಾಗಲಕೋಟೆ ಜಿಲ್ಲೆಯ ಹಲವೆಡೆ ಅಂತರ್ಜಲದಲ್ಲಿ ಫ್ಲೋರೈಡು ಮೊದಲೇ ಹೆಚ್ಚು. ಕುಡಿಯುವ ನೀರಿಗೆ ಲೀಟರಿಗೆ 1.5 ಮಿ.ಗ್ರಾಂ ಗರಿಷ್ಠ ಮಿತಿ ಎಂದು ಪಾಠ ಹೇಳುವವರು ನಾವೇ.

ಶಾಲೆಯಲ್ಲಿ ಕ್ರೀಮು ಬೇಡ. ಅದೇ ವಿನೈಲ್ ಕೊರೆಯಚ್ಚನ್ನು ಚಪ್ಪಟೆ ಗಾಜಿನ ತುಂಡಿಗೆ ಅಂಟಿಸಿ, ಅಂಚುಗಳಿಗೆ ಟೇಪು ಸುತ್ತಿ, ಕಾರ್ಬೊರಂಡಂ ಪುಡಿಯನ್ನು ನೀರಿನಲ್ಲಿ ಕಲಸಿ ಉಜ್ಜಿಸಿ. ಒಣಗಿದ ಪುಡಿ ಬೇಡ, ದೂಳು ಏಳುತ್ತದೆ. ದೊಡ್ಡ ಅಕ್ಷರ ಆರಿಸಿಕೊಳ್ಳಿ. ಅಂಚು ಕ್ರೀಮಿನಷ್ಟು ನುಣುಪಾಗಿ ಬರುವುದಿಲ್ಲ, ಸಮಯವೂ ಹೆಚ್ಚು ಹಿಡಿಯುತ್ತದೆ. ನೀರು ಸವರಿದಾಗ ಅಕ್ಷರ ಮಂಕಾಗುವುದು ಇಲ್ಲಿಯೂ ಕಾಣುತ್ತದೆ. ವರದಿಯನ್ನು ಈ ಟಿಪ್ಪಣಿಯೊಡನೆ ಹಿಂದಿರುಗಿಸಿದ್ದೇನೆ. ಒತ್ತಡದ ಕೋಷ್ಟಕ ಬಂದ ಮೇಲೆ ಅಂಕ ಕೊಡುತ್ತೇನೆ.