ನ್ಯಾಶ್‌ವಿಲ್‌ನಲ್ಲಿ ಜಪ್ತಿಯಾದ ಬೀಟೆ

ಫೆಂಡರ್ ಕಂಪನಿಯ ಸ್ಟ್ರಾಟೊಕಾಸ್ಟರ್ ಗಿಟಾರಿನ ಪಿಕ್‌ಗಾರ್ಡಿನ ಸ್ಕ್ರೂ ಲೆಕ್ಕವನ್ನು ಈ ವಾರ ಚುಕ್ತಾ ಮಾಡುವುದಾಗಿ ಅಂಕಣ ಮಾತು ಕೊಟ್ಟಿತ್ತು. ಅದಕ್ಕೆ ಹೆಚ್ಚು ಹೊತ್ತು ಬೇಕಿಲ್ಲ. 1959ರ ನಡುಗಾಲದವರೆಗೆ ಒಂದೇ ಪದರದ ಬಿಳಿ ಹಾಳೆ, 8 ಸ್ಕ್ರೂ. ಅಲ್ಲಿಂದಾಚೆಗೆ ಮೂರು ಪದರದ್ದು, 11 ಸ್ಕ್ರೂ. ’57ರ ಹೆಸರು ಹೊತ್ತ ರೀಇಷ್ಯೂನಲ್ಲಿ, ಅಂದರೆ ಹಳೆಯ ಮಾದರಿಯ ಮರುತಯಾರಿಯಲ್ಲಿ, 11 ಕಂಡರೆ ಚಹಾ ಕುಡಿದು ಅಂಗಡಿಯಿಂದ ಎದ್ದು ಬರುವುದು.

ಸ್ಕ್ರೂ ಎಣಿಸುವ ಚಟವನ್ನು ಕಂಪನಿಗೆ ಅಂಟಿಸಿದವರು ಗಿರಾಕಿಗಳೇ. 1965ರ ಜನವರಿಯಲ್ಲಿ ಲಿಯೊ ಫೆಂಡರ್ ತಮ್ಮ ಕಾರ್ಖಾನೆಯನ್ನು ಸಿಬಿಎಸ್‌ಗೆ ಮಾರಿದರು. ಮುಂದಿನ ಹದಿನೈದು ವರ್ಷಗಳಲ್ಲಿ ಹೊಸ ಮಾಲಿನ ಮೇಲಿನ ನಂಬಿಕೆ ಇಳಿಯುತ್ತ ಹೋಯಿತು, ಹಳೆಯ ಮಾಲಿನ ಬೆಲೆ ಏರುತ್ತ ಹೋಯಿತು. ಅಷ್ಟರಲ್ಲಿ ಜಪಾನಿನ ಟೋಕಾಯ್ ಎಂಬ ಕಂಪನಿ ಐವತ್ತರ ದಶಕದ ಸ್ಟ್ರಾಟನ್ನು ಫೆಂಡರ್‌ಗಿಂತ ಚೆನ್ನಾಗಿ ನಕಲು ಮಾಡಿ ಮಾರತೊಡಗಿತ್ತು. 1981ರಲ್ಲಿ ಯಮಹಾ ಬಿಟ್ಟು ಫೆಂಡರ್‌ಗೆ ಬಂದ ಬಿಲ್ ಶುಲ್ಟ್ಸ್ ಮತ್ತು ಡ್ಯಾನ್ ಸ್ಮಿತ್ ‘ಹಳೆಯದನ್ನೇ ಮತ್ತೆ ಮಾಡೋಣ’ ಎಂದು ಹೊರಟರೆ, ಅಳತೆ ತೆಗೆಯಲು ಮನೆಯಲ್ಲಿ ಹಳೆಯ ಗಿಟಾರೇ ಇಲ್ಲ! ಇಲಿನಾಯ್‌ನ ಒಂದು ಹಳೆ ಗಿಟಾರ್ ಅಂಗಡಿಯಿಂದ, ಒಮ್ಮೆ ತಾವೇ ಮಾಡಿ ಮಾರಿದ್ದನ್ನು ಕೈಯಿಂದ ದುಡ್ಡು ಕೊಟ್ಟು ಕೊಂಡು ತಂದರು. 1982ರ ’52 ಟೆಲಿಕಾಸ್ಟರ್, ’57 ಮತ್ತು ’62 ಸ್ಟ್ರಾಟ್ ಹುಟ್ಟಿದ್ದು ಹಾಗೆ.

ಅಲ್ಲಿಂದ ಶುರುವಾದ ಕರಾರುವಾಕ್ಕುತನ ಎಲ್ಲಿಗೆ ಹೋಗಿ ಮುಟ್ಟಿದೆ ನೋಡಿ. ಹಳೆಯ ಸ್ಟ್ರಾಟ್ ಪಿಕಪ್‌ನಲ್ಲಿ ಮೂರನೇ ತಂತಿಯ ಕೆಳಗಿನ ಅಯಸ್ಕಾಂತ ಎದ್ದು ನಿಂತಿರುತ್ತದೆ. ಆಗ ಆ ತಂತಿ ಸುತ್ತು ಹಾಕಿದ್ದು, ದನಿ ಮೆತ್ತಗೆ, ಅದಕ್ಕೇ ಎತ್ತರಿಸಿದ್ದು. ಇವತ್ತು ಹೆಚ್ಚಿನವರು ಅಲ್ಲಿ ಹಾಕುವುದು ಸುತ್ತಿಲ್ಲದ ಬರೀ ತಂತಿ. ಅದು ಮಿಕ್ಕ ತಂತಿಗಳ ನಡುವೆ ಕಿರುಚುತ್ತದೆ. ಆದರೂ ರೀಇಷ್ಯೂನಲ್ಲಿ ಆ ಅಯಸ್ಕಾಂತ ತಲೆ ತಗ್ಗಿಸುವುದಿಲ್ಲ. ಸ್ವಿಚ್ಚಿನದ್ದು ಇನ್ನೂ ತಮಾಷೆ. 1977ರವರೆಗೆ ಸ್ಟ್ರಾಟ್‌ಗೆ ಇದ್ದದ್ದು ಮೂರು ನೆಲೆಯ ಸ್ವಿಚ್. ವಾದಕರು ಅದನ್ನು ಎರಡು ನೆಲೆಗಳ ನಡುವೆ ತ್ರಿಶಂಕುವಿನಂತೆ ನಿಲ್ಲಿಸಿ ಬೇರೆಯದೇ ದನಿ ತೆಗೆಯುತ್ತಿದ್ದರು. ರೀಇಷ್ಯೂನಲ್ಲಿ ಇತಿಹಾಸಕ್ಕೆಂದು ಮೂರು ನೆಲೆಯ ಸ್ವಿಚ್ ಕೂರಿಸಿ, ನುಡಿಸುವವರಿಗೆಂದು ಐದು ನೆಲೆಯ ಸ್ವಿಚ್ಚನ್ನು ಪೆಟ್ಟಿಗೆಯಲ್ಲಿ ಬೇರೆಯಾಗಿ ಇಟ್ಟು ಕೊಟ್ಟರು.

ಗಿಬ್ಸನ್ ಇದನ್ನೂ ಮೀರಿಸಿತು. ಹಂಬಕ್ಕರ್ ಪಿಕಪ್‌ಗೆ ಸೇತ್ ಲವರ್ ಪೇಟೆಂಟ್ ಅರ್ಜಿ ಹಾಕಿದ್ದು 1955ರಲ್ಲಿ, ಅದು ಮಂಜೂರಾದದ್ದು 1959ರಲ್ಲಿ. ಅರ್ಜಿ ಹಾಕಿದೆ ಎಂಬ ಚೀಟಿ ಪಿಕಪ್‌ನ ಬೆನ್ನಿಗೆ ಇನ್ನೂ ಕೆಲವು ವರ್ಷ ಅಂಟಿಕೊಂಡೇ ಇತ್ತು. ಕೊನೆಗೆ ಸಂಖ್ಯೆಯ ಚೀಟಿ ಬಂತು: 2,737,842. ಇದು ಪಿಕಪ್‌ನ ಪೇಟೆಂಟೇ ಅಲ್ಲ, ಲೆಸ್ ಪಾಲ್ ಅವರ ತಂತಿಕಟ್ಟಿನ ಪೇಟೆಂಟ್! ಎದುರಾಳಿಗಳ ದಾರಿ ತಪ್ಪಿಸಲು ಬೇಕಂತಲೇ ಹಾಕಿದ್ದು ಎನ್ನುವವರೂ ಇದ್ದಾರೆ. ಅದೇನೇ ಇರಲಿ, ಅರವತ್ತರ ದಶಕದ ಮಾದರಿಯ ಕೆಲವು ರೀಇಷ್ಯೂ ಪಿಕಪ್‌ಗಳ ಮೇಲೆ ಆ ತಪ್ಪು ಸಂಖ್ಯೆ ಒಂದಂಕಿಯೂ ತಪ್ಪದೆ ಅಚ್ಚಾಗುತ್ತದೆ.

ಇಷ್ಟರವರೆಗಿನ ಹುಚ್ಚನ್ನು ಅಂಕಣ ಪ್ರೀತಿಯಿಂದಲೇ ನೋಡುತ್ತದೆ. ನೋಡಲಾಗದ್ದು ರೆಲಿಕ್ ಪಂಥವನ್ನು. 1995ರಲ್ಲಿ ಫೆಂಡರ್ ಕಸ್ಟಮ್ ಶಾಪ್ ಹೊಸ ಗಿಟಾರಿಗೆ ಮುಪ್ಪು ಬರಿಸಿ ಮಾರಲು ಹೊರಟಿತು. ವಿನ್ಸ್ ಕುನೆಟ್ಟೊ ಎಂಬ ಕುಶಲಿ ಬಣ್ಣ ಉಜ್ಜಿ, ಲೋಹಕ್ಕೆ ತುಕ್ಕು ಹಿಡಿಸಿ, ಬೆಲ್ಟಿನ ಬಕಲ್ ತರಚಿದ ಗೀರನ್ನೂ ಮೂಡಿಸಿಕೊಟ್ಟರು. 2021ರಿಂದ ಗಿಬ್ಸನ್‌ನಲ್ಲೂ ಮರ್ಫಿ ಲ್ಯಾಬ್ ಎಂಬ ಹೆಸರಿನಲ್ಲಿ ಇದೇ ಕೈಂಕರ್ಯ. ಕೈಚಳಕ ಮೆಚ್ಚತಕ್ಕದ್ದೇ. ಆದರೆ ಎಂಟು ಸ್ಕ್ರೂ ಒಂದು ದಾಖಲೆ; ಯಾರೂ ಹಾಕಿಕೊಳ್ಳದ ಬೆಲ್ಟಿನ ಗೀರು ಯಾವ ಕಾಲದ ದಾಖಲೆ?

ಇರಲಿ. ಇವೆಲ್ಲಕ್ಕಿಂತ ದೊಡ್ಡ ಹಟ ಮರದ್ದು, ಅದರಲ್ಲಿ ನಮ್ಮ ಪಾಲೂ ಇದೆ. ಐವತ್ತರ ಕೊನೆಯ ಗಿಬ್ಸನ್ ಲೆಸ್ ಪಾಲ್ ಗಿಟಾರ್, ಅರವತ್ತರ ಮೊದಲಿನ ಸ್ಟ್ರಾಟ್ ಇವುಗಳ ಫಿಂಗರ್‌ಬೋರ್ಡ್ ಬ್ರೆಜಿಲ್‌ನ ರೋಸ್‌ವುಡ್‌ದು. ಅರವತ್ತರ ದಶಕದ ಕೊನೆಗೆ ಬ್ರೆಜಿಲ್ ದಿಮ್ಮಿಗಳ ರಫ್ತು ನಿಲ್ಲಿಸಿತು. ಅಕೂಸ್ಟಿಕ್ ಗಿಟಾರಿನ ಮಾರ್ಟಿನ್ ಕಂಪನಿ 1969ರಲ್ಲೇ ಭಾರತದ ರೋಸ್‌ವುಡ್‌ಗೆ ಹೊರಳಿತು. ಗಿಬ್ಸನ್, ಫೆಂಡರ್ ಕೂಡ ಆ ಸುಮಾರಿನಲ್ಲೇ ಅದೇ ದಾರಿ ಹಿಡಿದವು. ಭಾರತದ ರೋಸ್‌ವುಡ್ ಎಂದರೆ ಬೇರೇನಲ್ಲ, ಬೀಟೆ. ಮಲೆನಾಡು, ಕೊಡಗು, ವಯನಾಡು, ನೀಲಗಿರಿಯ ಕಾಡುಗಳಲ್ಲೂ ಕಾಫಿ ತೋಟಗಳಲ್ಲೂ ಬೆಳೆಯುವ ಮರ. ಮೈಸೂರಿನ ಅಂಬಾವಿಲಾಸ ಅರಮನೆಯಲ್ಲಿ ದಂತ ಕೂರಿಸಿದ ಬಾಗಿಲು ನೋಡಿದವರಿಗೆ ಅದರ ಪರಿಚಯ ಬೇಡ. 1992ರಲ್ಲಿ ಬ್ರೆಜಿಲ್‌ನ ಮರ, ಅಳಿವಿನಂಚಿನ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಸೈಟೀಸ್ ಒಪ್ಪಂದದ ಒಂದನೇ ಪಟ್ಟಿಗೆ ಸೇರಿ, ಅದರ ವ್ಯಾಪಾರ ಬಹುಪಾಲು ಮುಚ್ಚಿಹೋಯಿತು.

ಅಂದಿನಿಂದ ಬ್ರೆಜಿಲ್ ಪಂಥದವರದು ಒಂದೇ ರಾಗ. ಬೀಟೆ ಹಾಕಿದ ರೀಇಷ್ಯೂ ಅವರಿಗೆ ಒಂದು ಮೆಟ್ಟಿಲು ಕೆಳಗಿನದು, ‘ಬರೀ ಇಂಡಿಯನ್’. ಈ ‘ಬರೀ’ಯ ಮೇಲೆ ಅಂಕಣಕ್ಕೆ ಹಳೆಯ ಸಿಟ್ಟಿದೆ.

ಆ ಬರೀ ಮರಕ್ಕಾಗಿ ಅಮೆರಿಕದಲ್ಲಿ ಬಂದೂಕು ಹಿಡಿದವರು ಬಂದಿದ್ದರು. 2011ರ ಆಗಸ್ಟ್ 24ರಂದು ವನ್ಯಜೀವಿ ಇಲಾಖೆಯ ಅಧಿಕಾರಿಗಳು ಗಿಬ್ಸನ್‌ನ ನ್ಯಾಶ್‌ವಿಲ್ ಮತ್ತು ಮೆಂಫಿಸ್ ಕಾರ್ಖಾನೆಗಳಿಗೆ ನುಗ್ಗಿ ಭಾರತದಿಂದ ಬಂದ ಬೀಟೆ, ಕರಿಮರಗಳ ಪಟ್ಟಿಗಳನ್ನು ಹೊತ್ತೊಯ್ದರು. ತಕರಾರು ನಮ್ಮ ಕಾನೂನಿನದೇ. ಕೊಯ್ದ ಹಲಗೆಯನ್ನು ಭಾರತದಿಂದ ಕಳಿಸುವಂತಿಲ್ಲ, ತಯಾರಾದ ವಸ್ತುವನ್ನು ಕಳಿಸಬಹುದು. ಬೇರೆ ದೇಶದ ಕಾನೂನು ಮುರಿದು ಬಂದ ಮರವನ್ನು ಇಟ್ಟುಕೊಳ್ಳುವುದು ಅಮೆರಿಕದ ಲೇಸಿ ಕಾಯ್ದೆಯ ಪ್ರಕಾರ ಅಪರಾಧ. ಹಾಗಾದರೆ ಫ್ರೆಟ್ ಕೂರಿಸಲು ಇನ್ನೂ ಗೀರು ಹಾಕದ ಫಿಂಗರ್‌ಬೋರ್ಡಿನ ಪಟ್ಟಿ ಹಲಗೆಯೋ, ತಯಾರಾದ ಭಾಗವೋ? ಸುಂಕದ ಕಾಗದದಲ್ಲಿ ಯಾವ ಸಂಖ್ಯೆ ಬರೆಯಬೇಕು? ಸಾಮಿಲ್ ನಡೆಸುವ ಯಾರನ್ನಾದರೂ ಕೇಳಿ, ನಕ್ಕಾರು. 2012ರ ಆಗಸ್ಟ್‌ನಲ್ಲಿ ರಾಜಿಯಾಯಿತು. ಮಡಗಾಸ್ಕರ್‌ನ ಕರಿಮರದ ಇನ್ನೊಂದು ಪ್ರಕರಣಕ್ಕೆ ಗಿಬ್ಸನ್ 3 ಲಕ್ಷ ಡಾಲರ್ ದಂಡ ತೆತ್ತಿತು, ಭಾರತದ ಮರ ಮಾತ್ರ ಕಾರ್ಖಾನೆಗೆ ವಾಪಸು ಬಂತು. ಆ ನಡುವೆ ಕೆಲವು ಲೆಸ್ ಪಾಲ್‌ಗಳು ಸುಟ್ಟು ಕಪ್ಪಾಗಿಸಿದ ಮೇಪಲ್ ಫಿಂಗರ್‌ಬೋರ್ಡ್ ಹೊತ್ತು ಹೊರಬಿದ್ದಿದ್ದವು. ವಾಪಸು ಬಂದ ಮರದಿಂದ ‘ಗವರ್ನಮೆಂಟ್ ಸೀರೀಸ್’ ಎಂಬ ಹೆಸರಿಟ್ಟೇ ಗಿಟಾರ್ ಮಾಡಿ ಮಾರಿದ ಗಿಬ್ಸನ್ ಧೈರ್ಯವನ್ನು ಮೆಚ್ಚಬೇಕು. ಮುಂದೊಂದು ದಿನ ಅದರ ರೀಇಷ್ಯೂ ಬಂದರೆ ಜಪ್ತಿಯ ಮಹಜರನ್ನೂ ಪೆಟ್ಟಿಗೆಯಲ್ಲಿ ಇಟ್ಟು ಕೊಡಬೇಕಾದೀತು.

ಕಿವಿಯ ಮಾತಿಗೆ ಬಂದರೆ ಪಂಥದವರಿಗೆ ಇನ್ನೂ ಕಷ್ಟ. ಇಂಗ್ಲೆಂಡಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದ ಸಂಶೋಧಕರು ರೋಜರ್ ಬಕ್ನಲ್ ಎಂಬ ಗಿಟಾರ್ ಕುಶಲಿಯಿಂದ ಆರು ಅಕೂಸ್ಟಿಕ್ ಗಿಟಾರ್ ಮಾಡಿಸಿದರು. ಬೇರೆಲ್ಲ ಒಂದೇ, ಬೆನ್ನು ಮತ್ತು ಪಕ್ಕದ ಮರ ಮಾತ್ರ ಬೇರೆ ಬೇರೆ. ಅದರಲ್ಲಿ ಬ್ರೆಜಿಲ್‌ನದೂ ಒಂದು, ಬೀಟೆಯೂ ಒಂದು. 52 ವಾದಕರಿಗೆ ಮರ ಕಾಣದ ಹಾಗೆ ಮಬ್ಬುಗತ್ತಲಲ್ಲಿ ವೆಲ್ಡಿಂಗ್ ಕನ್ನಡಕ ಹಾಕಿಸಿ ನುಡಿಸಲು ಕೊಟ್ಟರು. 2018ರಲ್ಲಿ ಪ್ರಕಟವಾದ ಫಲಿತಾಂಶ: ಮರದಿಂದ ಮರಕ್ಕೆ ವಾದಕರು ಕಂಡ ವ್ಯತ್ಯಾಸ ಇಲ್ಲವೆನ್ನುವಷ್ಟು ಕಡಿಮೆ. ಇಡೀ ಬೆನ್ನು ಬದಲಾದರೇ ಗೊತ್ತಾಗದಿದ್ದರೆ, ಎಲೆಕ್ಟ್ರಿಕ್ ಗಿಟಾರಿನ ಕೊರಳ ಮೇಲೆ ಅಂಟಿಸಿದ ತೆಳು ಪಟ್ಟಿಯಲ್ಲಿ ಏನು ಗೊತ್ತಾದೀತು?

ಕಿವಿಯನ್ನೇ ನಂಬಬಾರದು ಎಂದಲ್ಲ. ತಿಂಗಳುಗಟ್ಟಲೆ ಅಟ್ಟದ ಮೇಲೆ ಒಣಗಿದ ತೆಂಗಿನಕಾಯನ್ನು ಕಿವಿಯ ಬಳಿ ಅಲ್ಲಾಡಿಸಿ, ಕೊಬ್ಬರಿ ಉಂಡೆ ಚಿಪ್ಪು ಬಿಟ್ಟಿದೆಯೋ ಇಲ್ಲವೋ ಎಂದು ಹೇಳುವವರು ಸಂಪಿಗೆಯಿಂದ ತಿಪಟೂರಿನವರೆಗೆ ಮನೆಗೊಬ್ಬರಿದ್ದಾರೆ. ಆದರೆ ಅವರ ಮಾತು ನಿಜವೋ ಸುಳ್ಳೋ ಕಾಯಿ ಒಡೆದ ತಕ್ಷಣ ತಿಳಿಯುತ್ತದೆ. ಬ್ರೆಜಿಲ್ ಪಂಥದವರು ಕಾಯಿ ಒಡೆಯಲು ಬಿಡುವುದೇ ಇಲ್ಲ.

ವೀಣೆಯವರ ಕಿವಿ ಬೇರೆ ಜಾತಿಯದು. ದೊಡ್ಡಬಳ್ಳಾಪುರ ತಾಲ್ಲೂಕಿನ ಸಿಂಪಾಡಿಪುರದಲ್ಲಿ ಹಲಸಿನ ಮರ ಕೊರೆದು ವೀಣೆ ಮಾಡುವವರು ಇದ್ದಾರೆ. ಊರಿಗೇ ವೀಣೆಯ ಹೆಸರು ಅಂಟಿಕೊಂಡಿದೆ. ಸ್ಟ್ರಾಟ್‌ನ ತಂತಿಯ ಅಳತೆ 25.5 ಅಂಗುಲ, ಫ್ರೆಟ್ಟಿನ ಗೀರುಗಳನ್ನು ಗಣಿತದ ಸೂತ್ರ ಹಿಡಿದು ಯಂತ್ರ ಹಾಕುತ್ತದೆ, ಸಾವಿರ ಗಿಟಾರ್ ಮಾಡಿದರೂ ಕೂದಲೆಳೆ ಆಚೀಚೆ ಆಗದು. ವೀಣೆಯ 24 ಮೆಟ್ಟಿಲುಗಳನ್ನು ಮೇಣದ ಮೇಲೆ ಕೂರಿಸಿ, ಒಂದೊಂದನ್ನೂ ಮೀಟಿ, ಕಿವಿಗೊಟ್ಟು, ಸರಿಸಿ ಮೇಳ ಕಟ್ಟುತ್ತಾರೆ. ಕೆಲವು ವರ್ಷಕ್ಕೆ ಮೇಣ ಹಳತಾಗಿ ಮೆಟ್ಟಿಲು ಅಲುಗಿದರೆ ಎಲ್ಲವನ್ನೂ ಕಿತ್ತು ಮತ್ತೆ ಕಟ್ಟಿಸಬೇಕು. ಈಗ ಯಾರಾದರೂ ವೀಣೆ ಶೇಷಣ್ಣನವರ ಕಾಲದ ವೀಣೆಯ ರೀಇಷ್ಯೂ ಮಾಡಲು ಹೊರಟರು ಎನ್ನಿ. ಕೊಡದ ಅಳತೆ ಸಿಕ್ಕೀತು, ಯಾಳಿಯ ಮುಖ ಕೆತ್ತಿಯಾರು. ಮೆಟ್ಟಿಲುಗಳನ್ನು ಯಾವ ವರ್ಷದ ಮೇಳಕ್ಕೆ ಕೂರಿಸುತ್ತಾರೆ? ಗಿಟಾರಿನವರಿಗೆ ಈ ಪೇಚು ಇಲ್ಲ. ಅವರ ಇತಿಹಾಸ ಕಾರ್ಖಾನೆಯ ಬಾಗಿಲಲ್ಲೇ ಗಟ್ಟಿಯಾಗಿ ನಿಂತುಬಿಟ್ಟಿದೆ.

ಆ ಬಾಗಿಲಲ್ಲೇ ಬೀಟೆಗೂ ನ್ಯಾಯ ಸಿಗಬೇಕು. ಪಂಥದವರ ಗಡಿಯಾರ 1960ಕ್ಕೆ ನಿಂತಿದ್ದರೂ ರೀಇಷ್ಯೂ ಮಾಡುವವರು ಎಪ್ಪತ್ತರ ದಶಕಕ್ಕೆ ಬಂದು ಬಹಳ ಕಾಲವಾಯಿತು. ಗಿಬ್ಸನ್‌ನ ‘70s ಡಿಲಕ್ಸ್’ ಲೆಸ್ ಪಾಲ್ ಬಂದದ್ದು 2022ರಲ್ಲಿ. ಚಿಕ್ಕ ಹಂಬಕ್ಕರ್‌ಗಳ ಮೂಲ ಡಿಲಕ್ಸ್ ಮಾರುಕಟ್ಟೆಗೆ ಇಳಿದದ್ದು 1969ರಲ್ಲಿ. ಅದರ ಎಪ್ಪತ್ತರ ದಶಕದ ಗಿಟಾರುಗಳು ಬೀಟೆಯ ಕಾಲದವು. ಅಂಥದ್ದಕ್ಕೆ ಯಾರಾದರೂ ಬ್ರೆಜಿಲ್‌ನ ಪಟ್ಟಿ ಅಂಟಿಸಿದರೆ, ಪಿಕ್‌ಗಾರ್ಡಿನ ಸ್ಕ್ರೂ ಎಣಿಸುವ ನ್ಯಾಯದಲ್ಲೇ ಅದು ತಪ್ಪು, ದುಬಾರಿ ತಪ್ಪು.

ಕೊಳ್ಳಲು ಹೊರಟವರಿಗೆ ಇನ್ನೊಂದು ವಿಷಯ. 2017ರ ಜನವರಿಯಲ್ಲಿ ಬ್ರೆಜಿಲ್‌ನದನ್ನು ಬಿಟ್ಟು ರೋಸ್‌ವುಡ್ ಕುಲದ ಎಲ್ಲ ಮರಗಳೂ ಸೈಟೀಸ್‌ನ ಎರಡನೇ ಪಟ್ಟಿಗೆ ಸೇರಿದಾಗ ಫೆಂಡರ್ ತನ್ನ ಮೆಕ್ಸಿಕೊ ಗಿಟಾರುಗಳಿಗೆ ಪಾವ್ ಫೆರೊ ಎಂಬ ಬೇರೆ ಮರ ಹಾಕತೊಡಗಿತು. ಪೂರ್ತಿ ತಯಾರಾದ ವಾದ್ಯಗಳಿಗೆ 2019ರ ನವೆಂಬರ್‌ನಿಂದ ವಿನಾಯಿತಿ ಬಂದಿದೆ; ಬ್ರೆಜಿಲ್‌ನ ಮರಕ್ಕೆ ಅದು ಅನ್ವಯಿಸುವುದಿಲ್ಲ. ಹಾಗಾಗಿ ಆ ನಡುವಿನ ವರ್ಷಗಳ ಗಿಟಾರ್ ಕೈಗೆ ಬಂದರೆ ಫಿಂಗರ್‌ಬೋರ್ಡನ್ನು ಬಿಸಿಲಿಗೆ ಹಿಡಿದು ನೋಡಿ. ಪಾವ್ ಫೆರೊ ಕೆಂಪುಕಂದು, ನುಣುಪು. ಬೀಟೆಯ ಎಳೆ ನೇರ, ಕಂದಿನೊಳಗೆ ನೇರಳೆ ಛಾಯೆ, ಉಗುರು ಆಡಿಸಿದರೆ ರಂಧ್ರಗಳು ಕೈಗೆ ತಾಗುತ್ತವೆ.